ಸೋದರಮಾವನ ತಲೆ

ಒಳಗೆ ಬಂದವನ ಮುಖವನ್ನು ಡಾಕ್ಟರು ಎಲ್ಲಕ್ಕಿಂತ ಕೊನೆಗೆ ನೋಡುತ್ತಿದ್ದರು. ಮೊದಲು ತಲೆ. ಆಮೇಲೆ ಜೊತೆಗೆ ಬಂದವರ ತಲೆ. ಆಮೇಲೆ ಹುಬ್ಬು, ಉಗುರು. ಮುಖಕ್ಕೆ ಬರುವ ಹೊತ್ತಿಗೆ ಅವರ ತೀರ್ಮಾನ ಮುಗಿದಿರುತ್ತಿತ್ತು. ಆದ್ದರಿಂದ ಆ ಮುಖದಲ್ಲಿ ಏನಿದೆ ಎಂಬುದು ಅವರಿಗೆ ಬೇಕಾಗುತ್ತಿರಲಿಲ್ಲ.

ಕಳೆದ ತಿಂಗಳು ತೀರಿಕೊಂಡರು. ಪಾಂಡವಪುರದಲ್ಲಿ ಅವರ ಫೋಟೋಗೆ ಹಾರ ಹಾಕಿದವರು ಒಬ್ಬೊಬ್ಬರಾಗಿ ಎದ್ದು ‘ಬಡವರ ಡಾಕ್ಟರು’, ‘ನೇರ ಮಾತಿನ ಮನುಷ್ಯ’ ಎಂದರು. ಎರಡನೆಯದು ನಿಜ. ಆದರೆ ಆ ನೇರ ಮಾತು ಯಾರ ತಲೆಯ ಮೇಲೆ ಬಿದ್ದಿತ್ತೋ ಅವರು ಯಾರೂ ಅಲ್ಲಿ ಕಾಣಲಿಲ್ಲ.

ನಾನು ಮೈಸೂರಿನಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದ ಮೇಲೆ ಕೆಲವು ವರ್ಷ ಅವರ ಚರ್ಮರೋಗದ ಕ್ಲಿನಿಕ್ಕಿನಲ್ಲಿ ಲ್ಯಾಬು ನೋಡಿಕೊಂಡಿದ್ದೆ. ಸೋಮವಾರ ಕೆ.ಆರ್. ಪೇಟೆ, ಶುಕ್ರವಾರ ನಾಗಮಂಗಲ, ಉಳಿದ ದಿನ ಪಾಂಡವಪುರ. ಎಲ್ಲಿಗೆ ಹೋದರೂ ಅವರ ಕೋಣೆಗೂ ನನ್ನ ಮೇಜಿಗೂ ನಡುವೆ ಒಂದು ಪ್ಲೈವುಡ್ ಹಲಗೆ ಮಾತ್ರ ಇರುತ್ತಿತ್ತು. ಅವರು ಬಾಗಿಲು ಹಾಕುತ್ತಿರಲಿಲ್ಲ. ಹಾಗಾಗಿ ನಾನು ಕೇಳಿಸಿಕೊಂಡೆ ಎನ್ನುವುದು ಸರಿಯಲ್ಲ. ನನಗೆ ಕೇಳಿಸುತ್ತಿತ್ತು, ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸುತ್ತಿತ್ತು.

ಅವರಿಗೆ ತಲೆತುಂಬ ಕೂದಲಿತ್ತು. ಅರವತ್ತು ದಾಟಿದ ಮೇಲೂ ದಟ್ಟವಾಗಿ, ಕೊಬ್ಬರಿ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದು. ಷರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಒಂದು ಚಿಕ್ಕ ಬಾಚಣಿಗೆ. ರೋಗಿಯ ತಲೆ ನೋಡಿ ಮುಗಿಸಿ, ಕೈ ತೊಳೆದು, ಒರೆಸಿಕೊಂಡು, ಆ ಬಾಚಣಿಗೆ ತೆಗೆದು ತಮ್ಮ ತಲೆ ಬಾಚಿಕೊಳ್ಳುತ್ತಿದ್ದರು. ರೋಗಿಯ ಎದುರಿಗೇ. ಬೇಕೆಂದು ಮಾಡುತ್ತಿದ್ದರೋ, ಬರೀ ಅಭ್ಯಾಸವೋ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅವರ ತಂದೆ ನಾಗಮಂಗಲದಲ್ಲಿ ಅಕ್ಕಸಾಲಿ. ಕಣ್ಣಿಗೆ ಸಿಕ್ಕಿಸಿಕೊಂಡು ಒಡವೆ ನೋಡುತ್ತಿದ್ದ ತಂದೆಯ ಭೂತಗನ್ನಡಿಯನ್ನು ಮಗ ತಲೆ ನೋಡಲು ಇಟ್ಟುಕೊಂಡಿದ್ದರು. ಬೇರೆ ಒಳ್ಳೆಯ ಉಪಕರಣ ಇತ್ತು, ಆದರೆ ಕೈ ಹೋಗುತ್ತಿದ್ದದ್ದು ಇದಕ್ಕೇ. ಒಮ್ಮೆ ಒಬ್ಬ ಹುಡುಗ ಅಳುತ್ತಾ ಹೊರಗೆ ಹೋದಾಗ ನನ್ನ ಕಡೆ ತಿರುಗಿ ಹೇಳಿದರು:

“ನಮ್ಮಪ್ಪನ ತಾವ ಹೆಂಗಸ್ರು ಬರೋರು ಕಣಮ್ಮ. ಒಡವೇಲಿ ತಾಮ್ರ ಜಾಸ್ತಿ ಅದೆ ಅಂದ್ರೆ ಗೊಳೋ ಅನ್ನೋರು. ಅಳೋರ ಮಕ ನೋಡ್ಕಂಡು ಚಿನ್ನ ಅಂದ್ಬುಟ್ರೆ ತಾಮ್ರ ಚಿನ್ನ ಆಗ್ಬುಡ್ತದಾ?”

ಉತ್ತರಕ್ಕೆ ಕಾಯದೆ ಮುಂದಿನವನನ್ನು ಕರೆದರು.

ಕೂದಲು ಉದುರುತ್ತದೆ ಎಂದು ಬರುವ ಹುಡುಗರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಕಾರಣವನ್ನೂ ಜೊತೆಗೆ ತರುತ್ತಿದ್ದರು. ಬೋರ್‌ವೆಲ್ ನೀರು, ಹೆಲ್ಮೆಟ್ಟು, ಫಾರಂ ಕೋಳಿ, ಜಿಮ್ಮಿನ ಪೌಡರು, ಹಾಸ್ಟೆಲಿನ ಅನ್ನ. ಮೊಬೈಲಿನಲ್ಲಿ ನೋಡಿ ಈರುಳ್ಳಿ ರಸ ಬಳಿದುಕೊಂಡು ಬಂದವನನ್ನು “ಬೋಂಡ ಬಿಡಕ್ ಬಂದ್ಯೇನ್ಲಾ?” ಎಂದು ಕೇಳಿ ಬೆಂಚಿನವರನ್ನೆಲ್ಲ ನಗಿಸಿದ್ದರು. ಆದರೆ ಮುಖ್ಯ ಅಪರಾಧಿ ನೀರೇ. ಪ್ಲಾಸ್ಟಿಕ್ ಬಾಟಲಿಗಳಲ್ಲಿ ತಮ್ಮೂರ ನೀರು ತುಂಬಿಕೊಂಡು ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು, ಪರೀಕ್ಷೆಗೆಂದು. ಕೆ.ಆರ್. ಪೇಟೆಯ ಕಡೆಯವನೊಬ್ಬ ಒಂದು ಸೋಮವಾರ ಕ್ಯಾನನ್ನೇ ಹೊತ್ತು ತಂದ. ಡಾಕ್ಟರು ಎದ್ದು ಬಂದರು. ಕೈ ತೊಳೆಯುವ ಬೇಸಿನ್ನಿಗೆ ಬಗ್ಗಿ, ಆ ನೀರನ್ನು ತಮ್ಮ ತಲೆಯ ಮೇಲೆ ಸುರಿದುಕೊಂಡರು. ಟವೆಲಿನಲ್ಲಿ ಒರೆಸಿಕೊಂಡರು. ಬಾಚಿ, ಬಾಚಣಿಗೆಯನ್ನು ಅವನ ಕಣ್ಣಿನ ಮುಂದೆ ಹಿಡಿದರು.

“ನೋಡ್ಲಾ, ಒಂದಾದ್ರೂ ಬಂತಾ? ನಿಮ್ಮೂರ ಹೆಂಗಸ್ರು ಯಾವ್ ನೀರು ಉಯ್ಕತಾರೆ? ಕಾಶಿಯಿಂದ ತರುಸ್ತಾರಾ?”

“ಇಲ್ಲ ಸಾ. ಇದ್ನೇ.”

“ಅವ್ರ ಜಡೆ ಎಷ್ಟುದ್ದ ಅದೆ?”

ಹುಡುಗ ಕೈಯಿಂದ ಸೊಂಟದವರೆಗೆ ತೋರಿಸಿದ. ಬೆಂಚು ಮತ್ತೆ ನಕ್ಕಿತು.

“ನೀರನ್ನ ಬುಡು. ಸಾಕ್ಷಿ ಕರ್ಕಂಡ್ ಬಾ. ನಿಮ್ಮಪ್ಪನ ತಲೆ ಒಂದು ಸಾಕ್ಷಿ, ಸೋದರಮಾವನ ತಲೆ ಇನ್ನೊಂದು. ಎರಡ್ನೂ ನೋಡ್ದೆ ನಾನು ತೀರ್ಪು ಕೊಡಕಿಲ್ಲ.”

ಇದು ಅವರ ಪದ್ಧತಿ. ಬೇರೆ ವೈದ್ಯರು ‘ಮನೆಯಲ್ಲಿ ಯಾರಿಗಾದರೂ ಇದೆಯೇ’ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಇವರು ನಂಬುತ್ತಿರಲಿಲ್ಲ. ತಂದೆಯ ಕಡೆಯಿಂದಲೂ ಬರುತ್ತದೆ, ತಾಯಿಯ ಕಡೆಯಿಂದಲೂ ಬರುತ್ತದೆ, ಬಾಯಿ ಸುಳ್ಳು ಹೇಳುತ್ತದೆ, ತಲೆ ಹೇಳುವುದಿಲ್ಲ ಎನ್ನುತ್ತಿದ್ದರು. ಹೀಗಾಗಿ ಕ್ಲಿನಿಕ್ಕಿನ ಮುಂದೆ ಹೆಣ್ಣು ನೋಡಲು ಹೊರಟ ತಂಡದಂತೆ ಅಪ್ಪಂದಿರು, ಮಾವಂದಿರು ಒತ್ತಾಗಿ ಕೂತಿರುತ್ತಿದ್ದರು. ಒಳಗೆ ಕರೆದಾಗ ಟವೆಲು, ಟೋಪಿ ಬಿಚ್ಚಿ ತಲೆ ಬಗ್ಗಿಸಬೇಕು. ಒಮ್ಮೆ ನನ್ನ ತಂದೆ ನನಗೆ ಊಟದ ಡಬ್ಬಿ ಕೊಡಲು ಬಂದಿದ್ದಾಗ ಅವರ ತಲೆಯನ್ನೂ ಬಾಗಿಲಿನಿಂದಲೇ ನೋಡಿ, ನನ್ನ ಕಡೆ ತಿರುಗಿ ಒಂದು ಮಾತು ಹೇಳಿದರು. ನಮ್ಮ ಮನೆಯ ತಲೆಗಳ ವಿಷಯ ಇಲ್ಲಿ ಬರೆಯುವುದಿಲ್ಲ.

ಅವರು ತಪ್ಪುತ್ತಿರಲಿಲ್ಲ. ಇದನ್ನು ಹೇಳಲೇಬೇಕು. ತೊಣ್ಣೂರಿನ ಕಡೆಯ ಒಬ್ಬ ಹುಡುಗ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ. ತಲೆಯ ಬಲಭಾಗದಲ್ಲಿ ಅಂಗೈಯಗಲ ಕೂದಲು ತೆಳ್ಳಗಾಗಿತ್ತು. ಮೂರು ಕಡೆ ಮೂರು ಎಣ್ಣೆ ಕೊಟ್ಟಿದ್ದರು. ಇವರು ಭೂತಗನ್ನಡಿ ಹಿಡಿದು ನೋಡಿದರು. ಅಲ್ಲಿದ್ದ ಕೂದಲು ಒಂದೊಂದೂ ಒಂದೊಂದು ಉದ್ದಕ್ಕೆ ತುಂಡಾಗಿತ್ತು.

“ನಿಂಗೆ ಉದುರ್ತಾ ಇಲ್ಲ ಕಣ್ಲಾ. ನೀನೇ ಕೀಳ್ತಾ ಇದ್ದೀಯ.”

ಪಕ್ಕದಲ್ಲಿದ್ದ ತಾಯಿ ಸಿಡಿದುಬಿದ್ದಳು. “ಕಿತ್ಕಳಕ್ಕೆ ನಮ್ ಮಗಂಗೇನ್ ಉಚ್ಚಾ ಸಾ?”

“ಉಚ್ಚಲ್ಲ ಕಣವ್ವ, ಪರೀಕ್ಷೆ. ಎಡಗೈಲಿ ಪುಸ್ತಕ, ಬಲಗೈಲಿ ಈ ಕೆಲ್ಸ. ಅವನಿಗೇ ಗೊತ್ತಿಲ್ಲ.” ಎಂದು, ಹುಡುಗನ ಬಲಗೈಯ ಬೆರಳುಗಳಿಗೆಲ್ಲ ಒಂದೊಂದಾಗಿ ಪ್ಲಾಸ್ಟರ್ ಸುತ್ತಿ, “ಇದನ್ನ ಬಿಚ್ದೆ ಓದು” ಎಂದು ಕಳಿಸಿದರು. ಕೂದಲು ಮತ್ತೆ ಬಂತು. ಹುಡುಗ ಮತ್ತೆ ಬರಲಿಲ್ಲ. ಸುತ್ತಿದ ಬೆರಳಿನಲ್ಲಿ ಬಸ್ಸು ಹತ್ತಿದವನಿಗೆ ಊರಲ್ಲಿ ‘ಪುಕ್ಕ ಕಿತ್ತ ಕೋಳಿ’ ಎಂಬ ಹೆಸರು ಬಿದ್ದು, ಪರೀಕ್ಷೆಯ ತನಕ ಅವನು ಮನೆಯಿಂದ ಹೊರಗೆ ಬರಲಿಲ್ಲವೆಂದು ಅವನ ಅಣ್ಣ ಹೇಳಿದ. ಡಾಕ್ಟರು, “ಒಳ್ಳೇದಾಯ್ತು, ಓದ್ಕಳ್ಲಿ” ಎಂದರು.

ಬಿಂಡಿಗನವಿಲೆಯ ಹುಡುಗ ನಾಗಮಂಗಲದಲ್ಲಿ ಒಂದು ಶುಕ್ರವಾರ ಬಂದ. ಹುಡುಗ ಎನ್ನುವುದು ನಮ್ಮ ಕಡೆ ಮದುವೆಯಾಗದವರಿಗೆಲ್ಲ ಸಲ್ಲುವ ಮಾತು, ವಯಸ್ಸು ಮೂವತ್ತರ ಹತ್ತಿರ. ಊರಿನ ಹಾಲಿನ ಡೇರಿಯಲ್ಲಿ ಕೆಲಸ, ಮನೆಯಲ್ಲಿ ಕುರಿ, ಮಳೆ ಬಿದ್ದರೆ ರಾಗಿ. ನಾಲೆ ನೀರಿಲ್ಲದ ಊರಿಗೆ ಹೆಣ್ಣು ಕೊಡುವವರಿಲ್ಲ. ವರ್ಷಗಟ್ಟಲೆ ಅಲೆದ ಮೇಲೆ ಕ್ಯಾತನಹಳ್ಳಿಯಲ್ಲಿ, ಕಬ್ಬು ಬೆಳೆಯುವ ಮನೆಯಲ್ಲಿ ಒಪ್ಪಿದ್ದರು. ವೀಳ್ಯಶಾಸ್ತ್ರವೂ ಆಗಿತ್ತು. ಆ ದಿನ ವಿಡಿಯೊದವನು ಡ್ರೋನ್ ಹಾರಿಸಿದ್ದ. ಎದುರಿನಿಂದ ನೋಡಿದರೆ ಮುಂದಕ್ಕೆ ಬಾಚಿಕೊಂಡ ಕೂದಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮೇಲಿನಿಂದ ನೋಡಿದ ಡ್ರೋನಿಗೆ ನೆತ್ತಿ ಕಂಡಿತ್ತು. ಹುಡುಗಿಯ ಸೋದರಮಾವ ಆ ವಿಡಿಯೊವನ್ನು ಫೋನಿನಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ, ಮನೆಯವರಿಗೆಲ್ಲ ತೋರಿಸಿದ್ದ.

ಎರಡನೆಯ ಸಲ ಬಂದಾಗ ಹುಡುಗನ ಜೊತೆ ಅವನ ತಂದೆ, ಅವನ ಸೋದರಮಾವ, ಮತ್ತು ಈ ಹುಡುಗಿ ಕಡೆಯ ಮಾವ ಮೂವರೂ ಇದ್ದರು. ಹುಡುಗಿ ಕಡೆಯವನು ಕೂರುವ ಮೊದಲೇ ಹೇಳಿದ:

“ಡಾಕ್ಟ್ರೇ, ನೀರಿಂದಾಗಿದ್ರೆ ನಮ್ದೇನೂ ಇಲ್ಲ, ಮದ್ವೆ ನಡೀಲಿ. ವಂಶದ್ದಾದ್ರೆ ಬ್ಯಾಡ. ನಾಳೆ ಉಟ್ಟೋ ಗಂಡ್ಮಕ್ಳೂ ಇಂಗೇ ಆಗಿ, ಅವ್ಕೂ ಎಣ್ಣು ಉಡುಕ್ಕಂಡು ಊರೂರು ತಿರುಗಕ್ಕಾಯ್ತದಾ? ಅದೊಂದ್ ಹೇಳ್ಬುಡಿ.”

ಹುಡುಗನ ಸೋದರಮಾವ ಟೋಪಿ ತೆಗೆದ. ಕರಿಕಂಬಳಿಯಂಥ ಕೂದಲು. ಒಂದು ಸಾಕ್ಷಿ ಹುಡುಗನ ಪರ. ತಂದೆ ಟವೆಲು ಬಿಚ್ಚಿದರು. ನುಣ್ಣಗೆ ಬೋಳಿಸಿದ ತಲೆ.

ಅವರ ಮನೆಗೆ ಊರಲ್ಲಿ ‘ಮುಡಿ ಮನೆ’ ಎಂದೇ ಹೆಸರಂತೆ. ತಾತನ ಕಾಲದ ಹರಕೆ. ಮದುವೆಯಾದ ಗಂಡಸು ಕೂದಲು ಬಿಡುವಂತಿಲ್ಲ. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿರುವ ಮನೆದೇವರಿಗೆ ವರ್ಷಕ್ಕೊಮ್ಮೆ ಹೋಗಿ ಮುಡಿ ಕೊಡುವುದು, ನಡುವೆ ವಾರಕ್ಕೊಮ್ಮೆ ಮನೆಯಲ್ಲಿ ಬೋಳಿಸಿಕೊಳ್ಳುವುದು. ಈ ನಿಷ್ಠೆಗಾಗಿ ಊರಿನ ಮದುವೆಗಳಲ್ಲಿ ಮೊದಲ ಕಾಯಿ ಒಡೆಯಲು ಅವರನ್ನೇ ಕರೆಯುತ್ತಿದ್ದರು. ತಂದೆ ಇದನ್ನೆಲ್ಲ ನಿಧಾನವಾಗಿ, ಸಂತೋಷದಿಂದ ಹೇಳಿದರು. ಡಾಕ್ಟರು ಅಷ್ಟು ಹೊತ್ತು ಸುಮ್ಮನೆ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸಂತೋಷವಾದಾಗ ಅವರು ಭೂತಗನ್ನಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಈಗ ಒರೆಸುತ್ತಿದ್ದರು.

“ಮದ್ವೆಗೆ ಮುಂಚೆ ಮುಡಿ ಇಲ್ವಾ ಯಜಮಾನ್ರೇ?”

“ಇಲ್ಲ ಬುದ್ದಿ.”

“ಯಾಕೆ? ದೇವ್ರು ಬೀಗರೂಟ ಆಗೋಗಂಟ ಕಾಯ್ತಾನಾ?”

“ಅದು ಪದ್ಧತಿ ಬುದ್ದಿ.”

“ಮನೇಲಿ ಬೋಳಿಸೋರು ಯಾರು?”

“ನನಗೆ ನನ್ ತಮ್ಮ, ನನ್ ತಮ್ಮಂಗೆ ನಾನು. ಕೊಟ್ಟಿಗೇಲಿ.”

“ಊರಲ್ಲಿ ಕ್ಷೌರದೋರು ಇಲ್ವಾ?”

“ಅವ್ರೆ ಬುದ್ದಿ.”

“ದೇವ್ರ ಹರಕೆ, ಊರಿಗೆಲ್ಲ ಗೊತ್ತಿರೋ ಹರಕೆ. ಕೊಟ್ಟಿಗೇಲಿ ಬಾಗ್ಲಾಕ್ಕಂಡು ತೀರುಸ್ಬೇಕಾ?”

ತಂದೆ ಟವೆಲಿಗೆ ಕೈ ಹಾಕಿದರು. ಡಾಕ್ಟರು ಭೂತಗನ್ನಡಿ ಕೆಳಗಿಟ್ಟರು. “ಅಮಾವಾಸ್ಯೆ ಕಳಿಯೋಗಂಟ ಬ್ಲೇಡ್ ಮುಟ್ಬೇಡಿ. ಕೂದ್ಲು ಎಲ್ಲೆಲ್ಲಿ ಬರ್ತದೆ ನೋಡನ.”

“ಹರಕೆ ಮುರೀತದಲ್ಲಾ ಬುದ್ದಿ.”

“ಮುರೀಲಿ. ಮಗನ ಮದ್ವೆ ಮುರಿಯೋದಕ್ಕಿಂತ ವಾಸಿ ಅಲ್ವಾ?”

ಆ ದಿನಗಳಲ್ಲಿ ಹುಡುಗ ಒಮ್ಮೆ ರಕ್ತ ಕೊಡಲು ಪಾಂಡವಪುರಕ್ಕೆ ಬಂದಿದ್ದ. ತೋಳು ಚಾಚಿ ಕೂತು, ಇನ್ನೊಂದು ಕೈಯಲ್ಲಿ ಫೋನು ತೆಗೆದು, ಮನೆಯ ಗೋಡೆಯಲ್ಲಿದ್ದ ಹಳೆಯ ಫೋಟೋದ ಚಿತ್ರ ತೋರಿಸಿದ. “ನಮ್ಮಪ್ಪನ ಮದ್ವೇದು ಮೇಡಂ. ನೋಡಿ, ಎಷ್ಟ್ ಕೂದ್ಲದೆ. ಒಂದ್ ತಿಂಗ್ಳು ಬುಟ್ರೆ ಅಂಗೇ ಬತ್ತದೆ. ಆಮೇಲೆ ಅವ್ರು ಏನೂ ಅನ್ನಂಗಿಲ್ಲ.” ಫೋಟೋದಲ್ಲಿ ಇಪ್ಪತ್ತರ ತರುಣನೊಬ್ಬ ಹಣೆಯ ಮೇಲೆ ಕೂದಲು ಗುಡ್ಡೆ ಮಾಡಿಕೊಂಡು ನಿಂತಿದ್ದ. ನಾನು ಚೆನ್ನಾಗಿದೆ ಎಂದೆ. ಸಂಜೆ ಅವನ ರಕ್ತದ ಫಲಿತಾಂಶ ಬಂತು. ಥೈರಾಯ್ಡ್, ಕಬ್ಬಿಣಾಂಶ, ಎಲ್ಲವೂ ನಾರ್ಮಲ್. ಅವನ ಪಾಲಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇರಲಿಲ್ಲ.

ಅಮಾವಾಸ್ಯೆ ಕಳೆದ ಶುಕ್ರವಾರ ನಾಲ್ವರೂ ಮತ್ತೆ ಬಂದರು. ಬೆಂಚು ತುಂಬಿತ್ತು. ತಂದೆ ಟವೆಲನ್ನು ಕಿವಿಯ ಮೇಲಕ್ಕೆ ಬರುವಂತೆ ಬಿಗಿಯಾಗಿ ಸುತ್ತಿದ್ದರು. ಡಾಕ್ಟರು ಅವರನ್ನು ಕೋಣೆಯೊಳಗೆ ಕರೆಯಲಿಲ್ಲ. “ಒಳಗೆ ಕತ್ಲೆ, ಬೆಳಕಿಗೆ ಬನ್ನಿ” ಎಂದು ಬಾಗಿಲ ಹೊರಗೆ, ಬೆಂಚಿನ ಮುಂದೆ ಕುರ್ಚಿ ಹಾಕಿಸಿದರು. ಟವೆಲನ್ನು ತಾವೇ ಬಿಚ್ಚಿದರು.

ಕಿವಿಯಿಂದ ಕಿವಿಗೆ, ಹಿಂದಲೆಯನ್ನು ಬಳಸಿ, ಲಾಳದ ಆಕಾರದಲ್ಲಿ ಬಿಳಿಯ ಮೋಟುಕೂದಲು. ಮೇಲೆ ಏನೂ ಇಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಡಾಕ್ಟರು ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಲೂ ಇಲ್ಲ.

“ನೀವು ದೇವ್ರಿಗೆ ಕೊಟ್ಟಿದ್ದಲ್ಲ ಯಜಮಾನ್ರೇ. ಅವನೇ ತಗಂಡಿದ್ದು.”

ಮೊದಲು ನಕ್ಕವನು ಹುಡುಗಿಯ ಸೋದರಮಾವ. ಆಮೇಲೆ ಬೆಂಚಿನವರೆಲ್ಲ ನಕ್ಕರು. ತಮ್ಮ ತಲೆಯ ಸರದಿ ಇನ್ನೂ ಬರಬೇಕಾಗಿದ್ದವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ನಿಲ್ಲುವವರೆಗೆ ಕಾದು ಡಾಕ್ಟರು ಪಾಠದಂತೆ ಬಿಡಿಸಿ ಹೇಳಿದರು:

“ನಿಮ್ಮ ತಾತ ಬುದ್ಧಿವಂತ. ಆವಾಗ ಇಪ್ಪತ್ತಕ್ಕೆಲ್ಲ ಮದ್ವೆ. ಉದುರಕ್ಕೆ ಮುಂಚೆ ತಾಳಿ ಕಟ್ಸೋದು, ಉದುರಕ್ಕೆ ಸುರುವಾಗ್ತಿದ್ದಂಗೆ ಹರಕೆ ಅನ್ನೋದು. ಯಾರ್ಗೂ ಗೊತ್ತಾಗ್ಲಿಲ್ಲ. ಈಗ ಎಣ್ಣು ಸಿಗೋ ಹೊತ್ಗೆ ಮೂವತ್ತು. ಕೂದ್ಲು ಕಾಯಲ್ಲವಲ್ಲ. ನಿಮ್ಮ ಹರಕೆ ತಡವಾಗೋಯ್ತು, ಅಷ್ಟೇಯ.”

ತಂದೆ ಟವೆಲನ್ನು ಮತ್ತೆ ಸುತ್ತಿಕೊಳ್ಳಲಿಲ್ಲ. ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ಮಡಿಚುತ್ತಾ, ಯಾರನ್ನೂ ನೋಡದೆ ಹೇಳಿದರು. “ನನಗೆ ಹರಕೆ ಅಂತ್ಲೇ ಹೇಳಿದ್ರು ಬುದ್ದಿ. ನಾನು ಹರಕೆ ಅಂತ್ಲೇ ಮಾಡ್ದೆ. ನನ್ ತಮ್ಮಂಗೆ ಬೋಳುಸ್ವಾಗ ನೋಡ್ತಿದ್ದೆ, ನೆತ್ತೀಲಿ ಏನೂ ಇರ್ತಿರ್ಲಿಲ್ಲ. ಪಾಪ, ಇವನಿಗೆ ಇಂಗಾಯ್ತಲ್ಲ ಅಂತ ಅವನಿಗೆ ಹೇಳ್ದೆ ಮುಚ್ಚಿಟ್ಕಂಡಿದ್ದೆ.” ಮಡಿಚಿದ ಅಂಚನ್ನು ಬಿಡಿಸಿ, “ಅವ್ನೂ ಅಂಗೇ ಅನ್ಕಂಡು ಸುಮ್ಕಿದ್ನೇನೋ” ಎಂದರು.

ಇದಕ್ಕೆ ಯಾರೂ ನಗಲಿಲ್ಲ. ಡಾಕ್ಟರು ಮಾತ್ರ ನಕ್ಕರು.

ಹುಡುಗಿಯ ಮಾವ ಮೆಟ್ಟಿಲಿಳಿಯುವ ಮೊದಲೇ ಫೋನು ಕಿವಿಗಿಟ್ಟಿದ್ದ. “ನೀರಲ್ಲ ಕಣಕ್ಕ, ವಂಶದ್ದು. ಊಂ, ಅವ್ರಪ್ಪಂದೂ ಅಂಗೇಯ. ಬುಟ್ಬುಡನ.” ಹುಡುಗ ಗೋಡೆಗೆ ಒರಗಿ ನಿಂತು ಅದನ್ನು ಕೇಳಿದ. ಇರುವುದನ್ನಾದರೂ ಉಳಿಸಿಕೊಳ್ಳಬಹುದು ಎಂದು ಡಾಕ್ಟರು ಔಷಧಿ ಬರೆದ ಚೀಟಿ ಮೇಜಿನ ಮೇಲೆಯೇ ಉಳಿಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಕೇಳಿದೆ. ಅಷ್ಟು ವರ್ಷಗಳಲ್ಲಿ ಹಾಗೆ ಕೇಳಿದ್ದು ಅದೊಂದೇ ಸಲ. “ಬಾಗಿಲು ಹಾಕಿಕೊಂಡು ಹೇಳಬಹುದಿತ್ತಲ್ಲ ಸರ್?”

ಅವರು ಮುದ್ದೆ ಮುರಿಯುತ್ತಾ ಹೇಳಿದರು: “ಬಾಗ್ಲಾಕ್ಕಂಡು ಹೇಳಿದ್ರೆ ಒಬ್ಬನಿಗೆ ಗೊತ್ತಾಗ್ತಿತ್ತು. ಹೊರಗೆ ಹೋಗಿ ನೋಡಮ್ಮ, ಎಷ್ಟ್ ಜನ ನೀರಿನ ಬಾಟ್ಲಿ ಬಿಸಾಕಿ ಹೋಗವ್ರೆ.”

ಹೋಗಿ ನೋಡಿದೆ. ಬೆಂಚಿನ ಕೆಳಗೆ ಬಾಟಲಿಗಳು ಉರುಳಿಕೊಂಡಿದ್ದವು. ಅವರು ಹೇಳಿದ್ದು ಸರಿಯಾಗಿತ್ತು. ಅವರು ಹೇಳುತ್ತಿದ್ದದ್ದು ಯಾವಾಗಲೂ ಸರಿಯಾಗಿರುತ್ತಿತ್ತು. ಕಷ್ಟ ಇದ್ದದ್ದು ಅಲ್ಲೇ. ಸುಳ್ಳು ಹೇಳುವವರನ್ನು ಬಯ್ಯುವುದು ಸುಲಭ. ನಿಜ ಹೇಳಲು ಸಭೆ ಬೇಕಾದವರನ್ನು ಏನೆನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ.

ಆ ಕೆಲಸ ಬಿಟ್ಟ ಕಾರಣ ಇಲ್ಲಿ ಬೇಡ. ಬಿಟ್ಟ ಮೇಲೂ ಅವರು ಆಗಾಗ ಫೋನು ಮಾಡುತ್ತಿದ್ದರು. ಕೊನೆಯ ಸಲ ಮನೆಗೆ ಕರೆದರು. ಮೈ ಇಳಿದಿತ್ತು. ದಿಂಬಿನ ಮೇಲೆ ಕೂದಲು ಮಾತ್ರ ಎಂದಿನಂತೆ ದಟ್ಟವಾಗಿ ಹರಡಿತ್ತು. ಹಾಸಿಗೆಯ ಕೆಳಗಿನಿಂದ ಮೈಸೂರಿನ ಆಸ್ಪತ್ರೆಯ ರಿಪೋರ್ಟು ತೆಗೆದು ಕೊಟ್ಟು, “ಕನ್ನಡಕ ಇಲ್ಲ, ನೀನೇ ಓದಮ್ಮ” ಎಂದರು. ಕನ್ನಡಕ ಪಕ್ಕದ ಸ್ಟೂಲಿನ ಮೇಲೆಯೇ ಇತ್ತು. ಅಡುಗೆಮನೆಯಲ್ಲಿ ಅವರ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನಾನು ಮೊದಲ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

“ಒಸಿ ಬಾಗ್ಲು ಹಾಕ್ಕಂಡ್ ಬಂದ್ಬುಡು.”

ಎದ್ದು ಹಾಕಿಕೊಂಡು ಬಂದೆ. ಮೆಲ್ಲಗೆ ಓದಿದೆ.

ಅಸ್ಥಿ ಬಿಡುವ ದಿನ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ಅವರ ಮಗ ತಲೆ ಬೋಳಿಸಿಕೊಂಡು ಕೂತಿದ್ದ. ನಾನು ಹತ್ತಿರ ಹೋದೆ, ಏನೋ ಸಮಾಧಾನ ಹೇಳಿದೆ. ಹೇಳುವಾಗ ನನ್ನ ಕಣ್ಣು ಮೊದಲು ಹೋದದ್ದು ಅವನ ಮುಖಕ್ಕಲ್ಲ. ಇದು ನನಗೆ ಅವರಿಂದ ಬಂದದ್ದು. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಎಲ್ಲಿ ಕೂತರೂ ಬಿಡುವುದಿಲ್ಲ.

ವಾಪಸು ಬರುವಾಗ ಹೊಳೆದಂಡೆಯ ಇನ್ನೊಂದು ಗುಡಿಯ ಮುಂದೆ ಯಾರೋ “ಮೇಡಂ” ಎಂದರು. ನುಣ್ಣಗೆ ಬೋಳಿಸಿದ ತಲೆ, ಹಣೆಯಲ್ಲಿ ಕುಂಕುಮ. ಬಿಂಡಿಗನವಿಲೆಯ ಹುಡುಗ. ಕರೆದ ಮರುಕ್ಷಣವೇ ಕರೆಯಬಾರದಿತ್ತು ಎಂದು ಅವನಿಗೆ ಅನ್ನಿಸಿದ್ದು ಮುಖದಲ್ಲಿ ಕಂಡಿತು. ಪಕ್ಕದಲ್ಲಿ ಹೆಂಡತಿ, ಕೆ.ಆರ್. ಪೇಟೆಯ ಕಡೆಯವಳು.

“ಯಾರು ಇವ್ರು?” ಎಂದಳು.

“ಪಾಂಡವಪುರದಲ್ಲಿ... ರಕ್ತ ಪರೀಕ್ಷೆ ಮಾಡೋರು.”

“ಯಾಕೆ, ಏನಾಗಿತ್ತು ಅಕ್ಕ ಇವ್ರಿಗೆ?”

ಅವನು ನನ್ನನ್ನೇ ನೋಡುತ್ತಿದ್ದ.

“ಏನೂ ಇರಲಿಲ್ಲ” ಎಂದೆ. “ಎಲ್ಲ ನಾರ್ಮಲ್ ಬಂದಿತ್ತು.”

ಹೆಂಡತಿಯ ಮುಖ ಅರಳಿತು. “ದೇವ್ರು ಕಾಯ್ತಾನೆ ಕಣಕ್ಕ. ಇವ್ರ ಮನೇಲಿ ತಾತನ ಕಾಲದಿಂದ ಹರಕೆ, ಮದ್ವೆಯಾದ್ಮೇಲೆ ಯಾರೂ ಕೂದ್ಲು ಬುಡಕಿಲ್ಲ. ಇವತ್ತು ನಮ್ ಮಗಂದು ಮೊದಲ ಮುಡಿ. ನೋಡ್ಕಂಡ್ ಓಗಿ” ಎಂದು ಕೈ ಹಿಡಿದು ಕರೆದಳು.

ಮೆಟ್ಟಿಲ ಮೇಲೆ ಮಗು ನಿಂತಿತ್ತು. ಭುಜದವರೆಗೆ ಇಳಿದ ಗುಂಗುರು ಕೂದಲು. ಮೊದಲ ಮುಡಿಗೆ ಮಗುವನ್ನು ಸೋದರಮಾವ ಮಡಿಲಲ್ಲಿ ಕೂರಿಸಿಕೊಳ್ಳಬೇಕು. ಹೆಂಡತಿಯ ತಮ್ಮ ಬಂದ, ಇಪ್ಪತ್ತೈದರ ಆಸುಪಾಸಿನವನು. ದೇವರ ಎದುರು ಎಂದು ಟೋಪಿ ತೆಗೆದು ಪಕ್ಕಕ್ಕಿಟ್ಟ. ಮಗುವನ್ನು ಎತ್ತಿಕೊಳ್ಳಲು ಬಗ್ಗಿದ.

ನಾನು ನೋಡಬಾರದೆಂದುಕೊಂಡೆ. ಅಷ್ಟರಲ್ಲಿ ನೋಡಿಯಾಗಿತ್ತು. ಬಿಸಿಲಿನಲ್ಲಿ ಅವನ ನೆತ್ತಿ ತೆಳ್ಳಗೆ ಹೊಳೆಯಿತು.

ನಾನು ತಲೆಯೆತ್ತಿದಾಗ ಬಿಂಡಿಗನವಿಲೆಯ ಹುಡುಗ ನಾನು ನೋಡಿದ ಕಡೆಯೇ ನೋಡುತ್ತಿದ್ದ. ಎರಡು ಸಾಕ್ಷಿಗಳ ಮಾತು ಅವನಿಗೂ ನೆನಪಿತ್ತು. ಅವನು ಹೋಗಿ ಮಗುವಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಆ ಗುಂಗುರು ಕೂದಲಿನ ಮೇಲೆ ಅಂಗೈಯನ್ನು ಅಗಲವಾಗಿ ಇಟ್ಟ.

ಕತ್ತರಿ ಹಿಡಿದು ನಿಂತಿದ್ದವನು ಬಗ್ಗಿ, “ಕೈ ತಗೀರಣ್ಣ” ಎಂದ.

ಅವನು ತೆಗೆಯಲಿಲ್ಲ.